ಕಡಪ ಕಲ್ಲಿನ ಕಟ್ಟೆ ಇದ್ದರೆ ಬಾಗಿಲು ಮಾತ್ರ ತರಿಸಿ

ರಾಯಚೂರು, ಸಿಂಧನೂರು ಕಡೆ ಹಳೆ ಮನೆ ಅಡುಗೆಕೋಣೆಗೆ ಆನ್‌ಲೈನ್‌ನಲ್ಲಿ ಮಾಡ್ಯುಲರ್ ಕಿಚನ್ ತರಿಸುವವರು ಪೂರ್ತಿ ಸೆಟ್ ತಗೊಳ್ಳಬೇಡಿ. ಕಟ್ಟೆ ಕೆಳಗೆ ಕಡಪ ಕಲ್ಲಿನ ಖಾನೆಗಳು ಗಟ್ಟಿಯಾಗಿದ್ದರೆ ಬಾಗಿಲು, ಅದರ ಚೌಕಟ್ಟು, ತಂತಿ ಬುಟ್ಟಿ ಇಷ್ಟೇ ಸಾಕು. ಸೆಟ್‌ನಲ್ಲಿ ಜಾಸ್ತಿ ಹಲಗೆ ಹೋಗುವುದು ಬಾಗಿಲ ಹಿಂದಿನ ಪೆಟ್ಟಿಗೆಗೆ. ಆ ಕೆಲಸ ಕಲ್ಲು ಆಗಲೇ ಮಾಡ್ತಿದೆ, ಅದೂ ನೀರಿಗೆ ಉಬ್ಬದೆ, ಗೆದ್ದಲು ಹಿಡಿಯದೆ. ಪ್ರತಿ ಖಾನೆಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ಎತ್ತರವನ್ನೂ ಹಾಗೆಯೇ. ಕೈಯಿಂದ ಕಟ್ಟಿದ ಖಾನೆ ಎಲ್ಲ ಕಡೆ ಒಂದೇ ಸಮ ಇರೋದು ಅಪರೂಪ, ಅಲ್ವಾ? ಅತಿ ಕಡಿಮೆ ಬಂದ ಅಳತೆಯನ್ನೇ ಮಿಲಿಮೀಟರ್‌ನಲ್ಲಿ ಬರೆದು ಕಳಿಸಿ, ಉಳಿದ ಸಂದು ಸಿಲಿಕೋನ್ ಅಂಟಿನಿಂದ ಮುಚ್ಚಬಹುದು. ಚೌಕಟ್ಟು ಮಾತ್ರ ಬಿಡಬೇಡಿ, ಬರೀ ಕಲ್ಲಿಗೆ ಹಿಂಜ್‌ನ ಸ್ಕ್ರೂ ನಿಲ್ಲುವುದಿಲ್ಲ. ಸಿಂಕ್ ಕೆಳಗಿನ ಬಾಗಿಲಿಗೆ ಐಎಸ್ 710 (ನೀರು ತಡೆಯುವ ಪ್ಲೈವುಡ್‌ನ ಭಾರತೀಯ ಮಾನಕ) ಮುದ್ರೆ ಇರುವ ಪ್ಲೈವುಡ್ಡೇ ಕೇಳಿ. ಸಿಲಿಂಡರ್ ಖಾನೆಯ ಬಾಗಿಲಿಗೆ ತಳದಲ್ಲಿ ಗಾಳಿ ತೂತು ಇರಲೇಬೇಕು, ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತೆ. ಕಲ್ಲು ಬಿರುಕು ಬಿಟ್ಟಿದ್ದರೆ, ಗೋಡೆಯಿಂದ ನೀರು ಜಿನುಗುತ್ತಿದ್ದರೆ ಈ ದಾರಿ ಬೇಡ, ಮೊದಲು ಅದನ್ನು ಸರಿ ಮಾಡಿಸಿ. ಪೂರ್ತಿ ಹೊರಗೆ ಜಾರುವ ದೊಡ್ಡ ಡ್ರಾಯರ್ ಬೇಕು ಅಂದರೂ ಆಗಲ್ಲ, ಅದಕ್ಕೆ ಎರಡೂ ಪಕ್ಕ ನೇರವಾದ ಹಲಗೆ ಬೇಕು. ಕೂಡಿಸಿಕೊಡುವ ಕೂಲಿ ದರದಲ್ಲಿ ಸೇರಿದೆಯಾ ಅಂತ ಬರಹದಲ್ಲೇ ಕೇಳಿ. ಇಲ್ಲದಿದ್ದರೆ ಊರಿನ ಬಡಗಿಗೆ ಅಳತೆ ತೋರಿಸಿ, ಆಮೇಲೆ ದುಡ್ಡು ಕಟ್ಟಿ.