ಬಾಸ್ ಗಿಟಾರಿನ ‘ಮೇಡ್ ಇನ್’ ಸಾಲು: ಹಾಸನದಲ್ಲಿ ಕೊಳ್ಳುವಾಗ, ಸೆಟಪ್ ಮಾಡುವಾಗ ನಾನು ನೋಡುವುದು

ಬಾಸ್ ತಂದು ಟೇಬಲ್ ಮೇಲಿಟ್ಟವರ ಮೊದಲ ಮಾತು, ‘ಇದು ಎಲ್ಲಿಯದು, ಒಳ್ಳೆಯದಾ?’ ಎಂಬುದು. ಹಾಸನದ ಆರ್ಕೆಸ್ಟ್ರಾದವರಿರಲಿ, ಸಕಲೇಶಪುರದ ಚರ್ಚ್ ತಂಡದವರಿರಲಿ, ಎರಡನ್ನೂ ಒಂದೇ ಉಸಿರಿಗೆ ಕೇಳುತ್ತಾರೆ. ನಾನು ಎರಡನ್ನೂ ಬಿಡಿಸಿಕೊಳ್ಳುತ್ತೇನೆ. ನಾಳೆ ಮಾರಿದರೆ ಎಷ್ಟು ಬರುತ್ತದೆ ಎಂಬುದನ್ನು ದೇಶ ಹೇಳುತ್ತದೆ. ಒಳ್ಳೆಯದಾ ಎಂಬುದನ್ನು ನೆಕ್ (ಬಾಸಿನ ಉದ್ದ ಕತ್ತು), ಫ್ರೆಟ್ (ಅದರ ಮೇಲಿನ ಲೋಹದ ಅಡ್ಡಗೆರೆ), ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ತುಂಡು) ಹೇಳಬೇಕು.

ಮೊದಲು ದೇಶ ಪತ್ತೆ ಮಾಡುವ ಕೆಲಸ. ‘ಡಿಸೈನ್ಡ್ ಇನ್ ಯುಎಸ್‌ಎ’ ಎಂದಿದ್ದರೆ ನಕ್ಷೆಯಷ್ಟೇ ಅಮೆರಿಕದ್ದು. ‘ಮೇಡ್ ಇನ್’ ಅಥವಾ ‘ಕ್ರಾಫ್ಟೆಡ್ ಇನ್’ ಎಂಬ ಸಾಲನ್ನು ಹೆಡ್‌ಸ್ಟಾಕಿನ (ತಂತಿ ಬಿಗಿಯುವ ತಲೆಯ) ಹಿಂದೆಯೋ ನೆಕ್ಕಿನ ಬುಡದಲ್ಲೋ ಹುಡುಕಬೇಕು. ಅಮೆರಿಕದ ಫೆಂಡರ್ ಕಂಪನಿಯ ಇತ್ತೀಚಿನ ಬಾಸಿನ ಸೀರಿಯಲ್ ಸಂಖ್ಯೆ ಎಂಎಕ್ಸ್ ಎಂದು ಶುರುವಾದರೆ ಮೆಕ್ಸಿಕೋದ ಎನ್ಸೆನಾಡ, ಯುಎಸ್ ಎಂದಾದರೆ ಕ್ಯಾಲಿಫೋರ್ನಿಯಾದ ಕರೋನಾ. ಫೆಂಡರ್‌ನದೇ ಅಗ್ಗದ ಬ್ರಾಂಡ್ ಸ್ಕ್ವಾಯರ್‌ನ ಐಸಿಎಸ್ ಎಂದರೆ ಇಂಡೋನೇಷ್ಯಾದ ಕಾರ್ಟ್ ಕಾರ್ಖಾನೆ. ಹೆಡ್‌ಸ್ಟಾಕಿನ ಹೆಸರಿನ ಡೆಕಾಲ್ (ಅಂಟಿಸುವ ಮುದ್ರೆ) ಪ್ರತ್ಯೇಕವಾಗಿಯೇ ಮಾರಾಟಕ್ಕೆ ಸಿಗುವ ವಸ್ತು. ಹಾಗಾಗಿ ದೊಡ್ಡ ಮೊತ್ತದ ವ್ಯವಹಾರವಾದರೆ ನೆಕ್ಕಿನ ನಾಲ್ಕು ಸ್ಕ್ರೂ ಬಿಚ್ಚಿ ಒಳಗಿನ ಮುದ್ರೆ, ಮುಚ್ಚಳ ತೆಗೆದು ಪಾಟುಗಳ (ವಾಲ್ಯೂಮ್, ಟೋನ್ ತಿರುಗಿಸುವ ಭಾಗಗಳ) ಮೇಲಿನ ಗುರುತು ನೋಡದೆ ಹಣ ಕೊಡಬೇಡಿ. ಬಿಚ್ಚಲು ಒಪ್ಪದ ಮಾರಾಟಗಾರನಿಂದ ನಾನು ಕೊಳ್ಳುವುದಿಲ್ಲ.

ದೇಶಗಳ ಹೆಸರು ಏರಿಳಿದದ್ದಕ್ಕೆ ಕಾರಣವಿದೆ. 1970ರ ದಶಕದಲ್ಲಿ ಅಮೆರಿಕದ ಗಿಟಾರುಗಳ ಜಪಾನಿ ನಕಲುಗಳು ಎಷ್ಟು ಚೆನ್ನಾಗಿದ್ದವೆಂದರೆ 1982ರಲ್ಲಿ ಫೆಂಡರ್ ತಾನೇ ಜಪಾನಿಗೆ ಹೋಗಿ ಮಾತ್ಸುಮೊಟೊದ ಫುಜಿಜೆನ್ ಕಾರ್ಖಾನೆಯ ಕೈಯಲ್ಲಿ ಗಿಟಾರು ಮಾಡಿಸಿತು; ಸ್ಕ್ವಾಯರ್‌ನ ಜೆವಿ ಸರಣಿ ಆಗಿನದು, ಈಗ ಸಂಗ್ರಾಹಕರ ಮಾಲು. 1987ರಲ್ಲಿ ಎನ್ಸೆನಾಡ ಕಾರ್ಖಾನೆ ಬಂತು. ಕೂಲಿ ಏರಿದ ಹಾಗೆ ಅಗ್ಗದ ಮಾದರಿಗಳ ಕೆಲಸ ಜಪಾನಿನಿಂದ ಕೊರಿಯಾಕ್ಕೆ, ಅಲ್ಲಿಂದ ಚೀನಾ, ಇಂಡೋನೇಷ್ಯಾಕ್ಕೆ ಜಾರಿತು. ಒಂದೇ ಕಂಪನಿ ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ ಮಾಡುತ್ತದೆ: ಯಮಹಾದ ಬಿಬಿಪಿ34 ಜಪಾನಿನದು, ಬಿಬಿ434 ಇಂಡೋನೇಷ್ಯಾದ್ದು. ವಾರ್ವಿಕ್ ಜರ್ಮನಿಯ ಮಾರ್ಕ್‌ನಾಯ್ಕಿರ್ಶೆನ್‌ನದಾದರೆ, ಅದರ ರಾಕ್‌ಬಾಸ್ ಚೀನಾದ್ದು.

ಈಗ ಬಾಡಿ ಕತ್ತರಿಸುವುದು ಬಹುತೇಕ ಎಲ್ಲ ಕಡೆಯೂ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ. 34 ಇಂಚಿನ ಸ್ಕೇಲ್ (ನುಡಿಯುವ ತಂತಿಯ ಉದ್ದ) ಎಂದರೆ ಇಂಡೋನೇಷ್ಯಾದ ಸುರಬಾಯದಲ್ಲೂ ಕರೋನಾದಲ್ಲೂ 34 ಇಂಚೇ. ವ್ಯತ್ಯಾಸ ಹುಟ್ಟುವುದು ಯಂತ್ರ ಮುಗಿದ ಮೇಲೆ, ಮನುಷ್ಯನ ಕೈ ಎಷ್ಟು ಹೊತ್ತು ಆ ಬಾಸ್ ಮೇಲಿತ್ತು ಎಂಬುದರಲ್ಲಿ. ಫ್ರೆಟ್ ಲೆವೆಲ್ ಮಾಡಿ ಅಂಚು ದುಂಡಾಗಿಸುವುದು, ನಟ್‌ನಲ್ಲಿ ತಂತಿ ಕೂರುವ ತೋಡುಗಳನ್ನು ಸರಿಯಾದ ಆಳಕ್ಕೆ ತೆಗೆಯುವುದು, ಇವು ಸಮಯ ತಿನ್ನುವ ಕೆಲಸ. ಅಗ್ಗದ ಮಾದರಿಯಲ್ಲಿ ಉಳಿತಾಯ ಶುರುವಾಗುವುದು ಇಲ್ಲಿಂದಲೇ. ಸಮಾಧಾನದ ವಿಷಯವೆಂದರೆ ಈ ಎರಡನ್ನೂ ನಂತರ ಸರಿಮಾಡಬಹುದು. ಸರಿಮಾಡಲಾಗದ್ದು ಮರದ ಹದ.

ಮರದ ಕಡೆ ಒಂದು ತಮಾಷೆ. ಅಮೆರಿಕದ ದುಬಾರಿ ಬಾಸಿನ ರೋಸ್‌ವುಡ್ ಫಿಂಗರ್‌ಬೋರ್ಡ್ (ನೆಕ್ಕಿನ ಮೇಲೆ ಬೆರಳು ಒತ್ತುವ ಹಲಗೆ) ಬಹಳ ಸಲ ಇಂಡಿಯನ್ ರೋಸ್‌ವುಡ್, ಅಂದರೆ ನಮ್ಮ ತೋಟಗಳಲ್ಲಿ ಕಾಫಿಗೆ ನೆರಳು ಕೊಟ್ಟು ನಿಂತ ಬೀಟೆಯ ಜಾತಿಯೇ. ಅಗ್ಗದ ಸ್ಕ್ವಾಯರ್‌ಗಳ ‘ಇಂಡಿಯನ್ ಲಾರೆಲ್’ ಎಂದರೆ ಮತ್ತಿ. 2017ರ ಜನವರಿಯಲ್ಲಿ ಬೀಟೆಯ ಕುಲಕ್ಕೆಲ್ಲ ಅಂತಾರಾಷ್ಟ್ರೀಯ ವ್ಯಾಪಾರದ ನಿರ್ಬಂಧ ಬಿದ್ದಾಗ ಕಂಪನಿಗಳು ಪಾವ್ ಫೆರೊ, ಲಾರೆಲ್ ಮರಗಳ ಕಡೆ ಹೊರಳಿದವು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹಾಗಾಗಿ ಆ ಎರಡು-ಮೂರು ವರ್ಷದ ಮೆಕ್ಸಿಕೋ ಬಾಸಿನ ಬೋರ್ಡ್ ತಿಳಿಬಣ್ಣದಲ್ಲಿದ್ದರೆ ಅದು ಕಳಪೆಯ ಗುರುತಲ್ಲ.

ಮರದ ಜಾತಿಗಿಂತ ತೇವ ಮುಖ್ಯ. ಕಾಫಿಯನ್ನು 10–11 ಶೇಕಡಾ ತೇವಕ್ಕೆ ಇಳಿಸದೆ ಯಾರೂ ಗೋದಾಮಿಗೆ ಹಾಕುವುದಿಲ್ಲ. ನೆಕ್ಕಿನ ಮೇಪಲ್ ಇನ್ನೂ ಒಣಗಿರಬೇಕು, 6ರಿಂದ 8. ಅವಸರದಲ್ಲಿ ಒಣಗಿಸಿದ ನೆಕ್ ತಿರುಚಿಕೊಳ್ಳುತ್ತದೆ. ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕಟ್ಟುವ ಲೋಹದ ಭಾಗ) ಕಡೆಯಿಂದ ಕಣ್ಣು ಹಾಯಿಸಿ, ಮೊದಲ ಫ್ರೆಟ್ಟಿನ ಗೆರೆಯೂ ಕೊನೆಯ ಫ್ರೆಟ್ಟಿನ ಗೆರೆಯೂ ಸಮಾನಾಂತರವಾಗಿವೆಯೇ ನೋಡಿ. ಒಂದು ಮೂಲೆ ಎದ್ದಿದ್ದರೆ ಅದು ತಿರುಚು. ನೆಕ್ಕಿನೊಳಗಿನ ಲೋಹದ ಸರಳು, ಟ್ರಸ್ ರಾಡ್, ಬಾಗನ್ನು ಸರಿಮಾಡುತ್ತದೆ, ತಿರುಚನ್ನಲ್ಲ. ಯಾವ ದೇಶದ್ದಾದರೂ ವಾಪಸ್ ಕೊಡಿ.

ಆಮೇಲೆ ಅಳತೆ. ತಂತಿಯನ್ನು ಶ್ರುತಿಗೆ ತಂದು, ಮೊದಲ ಫ್ರೆಟ್ಟಿಗೆ ಕಾಪೋ (ತಂತಿ ಒತ್ತಿಹಿಡಿಯುವ ಕ್ಲಿಪ್) ಹಾಕಿ, ನೆಕ್ಕು ಬಾಡಿಯನ್ನು ಸೇರುವ ಜಾಗದ ಫ್ರೆಟ್ ಒತ್ತಿ, 8ನೇ ಫ್ರೆಟ್ಟಿಗೂ ತಂತಿಗೂ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸುತ್ತೇನೆ. 0.30 ಮಿಮೀ ಆಸುಪಾಸು ಇದ್ದರೆ ಸರಿ. 17ನೇ ಫ್ರೆಟ್ ಮೇಲೆ ಇ ತಂತಿಯ ಎತ್ತರ 2.4 ಮಿಮೀ, ಜಿ ತಂತಿಯದು 2.0 ಮಿಮೀ. ಇಷ್ಟಕ್ಕೆ ತಂದಾಗ ಒಂದೆರಡು ಫ್ರೆಟ್ಟಿನಲ್ಲಿ ಮಾತ್ರ ಜರ್ ಎಂದರೆ ಫ್ರೆಟ್ ಎದ್ದಿದೆ; ಮೊದಲ ನಾಲ್ಕೈದು ಫ್ರೆಟ್ಟಿನಲ್ಲೆಲ್ಲ ಜರ್ ಎಂದರೆ ನೆಕ್ ತೀರಾ ನೇರ. 3ನೇ ಫ್ರೆಟ್ ಒತ್ತಿದಾಗ ತಂತಿಗೂ ಮೊದಲ ಫ್ರೆಟ್ಟಿಗೂ ನಡುವೆ ಕಾಗದ ತೂರುವಷ್ಟು ಜಾಗ ಸಾಕು. ಅಗ್ಗದವುಗಳಲ್ಲಿ ಇಲ್ಲಿ ದಪ್ಪ ರಟ್ಟೇ ತೂರುತ್ತದೆ, ಅದಕ್ಕೇ ಮೊದಲ ಫ್ರೆಟ್ಟಿನ ಎಫ್ ಸ್ವರ ಏರುಶ್ರುತಿಯಾಗಿ ಕೇಳುವುದು. ಟ್ಯೂನರ್‌ನ ತಪ್ಪಲ್ಲ.

ದೇಶ ನಿಜವಾಗಿ ಕೈಗೆ ತಗಲುವ ಜಾಗ ಅಲೆನ್ ಕೀ. ಅಮೆರಿಕ, ಮೆಕ್ಸಿಕೋದವಕ್ಕೆ ಬಹುಪಾಲು ಇಂಚಿನ ಅಳತೆ, ಏಷ್ಯಾದವಕ್ಕೆ ಮಿಲಿಮೀಟರ್. 3/16 ಇಂಚು ಎಂದರೆ 4.76 ಮಿಮೀ. 5 ಮಿಮೀ ಕೀ ಒಳಗೆ ಹೋಗದು, 4.5 ಹೋಗುತ್ತದೆ, ತಿರುಗಿಸಿದರೆ ಟ್ರಸ್ ರಾಡಿನ ತಿರುಪಿನ ಮೂಲೆ ಸವೆಯುತ್ತದೆ. ಸವೆದ ತಿರುಪು ತೆಗೆಯುವ ಖರ್ಚಿನಲ್ಲಿ ಎರಡೂ ಸೆಟ್ ಕೀ ಬರುತ್ತವೆ. ಸ್ಯಾಡಲ್ (ಬ್ರಿಡ್ಜಿನಲ್ಲಿ ತಂತಿ ಕೂರುವ ತುಂಡು) ಸ್ಕ್ರೂನಲ್ಲೂ ಅದೇ ಗತಿ: 1/16 ಇಂಚಿನ ತೂತಿಗೆ 1.5 ಮಿಮೀ ಕೀ ಜಾರುತ್ತದೆ. ಪಾಟ್ ಬದಲಿಸುವವರಿಗೆ ಇನ್ನೊಂದು ಮಾತು. ಅಗ್ಗದ ಏಷ್ಯಾ ಬಾಸಿನ ಸಣ್ಣ ಪಾಟಿನ ಜಾಗಕ್ಕೆ ಅಮೆರಿಕದ ಸಿಟಿಎಸ್ ಪಾಟ್ ಹಾಕಬೇಕಾದರೆ ತೂತನ್ನು 9.5 ಮಿಮೀಗೆ ರೀಮರ್‌ನಿಂದ ಅಗಲಿಸಬೇಕು. ಡ್ರಿಲ್ ಹಚ್ಚಿದರೆ ಬಣ್ಣ ಚಕ್ಕೆ ಏಳುತ್ತದೆ.

ಪಿಕಪ್ಪಿಗೆ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸುರುಳಿಗೆ) ಮಲ್ಟಿಮೀಟರ್ ಸಾಕು. ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಏರಿಸಿ, ಪ್ಲಗ್ಗಿನ ತುದಿಗೂ ತೋಳಿಗೂ ಓಮ್ ನೋಡಿ. ಒಂದೇ ಪಿಕಪ್ಪಿನ ಪ್ರಿಸಿಷನ್ ಮಾದರಿಯಲ್ಲಿ ಸುಮಾರು 10 ಕಿಲೋಓಮ್. ಎರಡು ಪಿಕಪ್ಪಿನ ಜಾಝ್ ಮಾದರಿಯಲ್ಲಿ ಎರಡೂ ವಾಲ್ಯೂಮ್ ತೆರೆದಿದ್ದರೆ 4ರ ಹತ್ತಿರ, ಒಂದನ್ನು ಮುಚ್ಚಿದರೆ 7ರ ಹತ್ತಿರ. ಬ್ಯಾಟರಿ ಇರುವ ಆಕ್ಟಿವ್ ಬಾಸಿಗೆ ಈ ಲೆಕ್ಕ ಹೊಂದುವುದಿಲ್ಲ. ಗಣೇಶನ ಪೆಂಡಾಲಿನಲ್ಲಿ ಗುಂಯ್ ಎನ್ನುವುದಕ್ಕೆ ದೇಶ ಬೈಯುವ ಮೊದಲು ವೇದಿಕೆಯ ಅರ್ಥಿಂಗ್ ನೋಡಿ.

ಮಲೆನಾಡಿನ ಮಳೆಗೆ ಯಾವ ದೇಶದ ರಿಯಾಯಿತಿಯೂ ಇಲ್ಲ. ಮೂಡಿಗೆರೆ, ಸಕಲೇಶಪುರದ ಕಡೆ ಜೂನ್‌ನಿಂದ ನೆಕ್ ಬಹುಪಾಲು ಮುಂದಕ್ಕೆ ಬಾಗಿ ತಂತಿ ಎತ್ತರವಾಗುತ್ತದೆ. ತಂತಿ ಸಡಿಲಿಸಿ, ರಾಡ್ ಕಾಲು ಸುತ್ತು ಬಿಗಿದು, ಮತ್ತೆ ಶ್ರುತಿಗೆ ತಂದು ಒಂದು ದಿನ ಬಿಟ್ಟು ಅಳೆಯಿರಿ. ಬೇಸಿಗೆಯಲ್ಲಿ ಹಾಸನದ ಒಣಗಾಳಿಗೆ ಬಂದಾಗ ಬೋರ್ಡ್ ಕುಗ್ಗಿ ಫ್ರೆಟ್ ತುದಿ ಬೆರಳಿಗೆ ಚುಚ್ಚುತ್ತದೆ. ನುಣುಪು ಅರದಿಂದ ತುದಿಯಷ್ಟನ್ನೇ ಸವರಿ, ಬೋರ್ಡಿಗೆ ಟೇಪ್ ಹಚ್ಚಿಕೊಂಡು. ಅಗ್ಗದ ಬ್ರಿಡ್ಜಿನ ಸ್ಯಾಡಲ್ ಸ್ಕ್ರೂಗಳು ಮೊದಲ ಮಳೆಗೇ ತುಕ್ಕು ಹಿಡಿಯುತ್ತವೆ. ಏಷ್ಯಾದವಕ್ಕೆ ಸಾಮಾನ್ಯವಾಗಿ ಎಂ3 ಸ್ಟೇನ್‌ಲೆಸ್ ಗ್ರಬ್ ಸ್ಕ್ರೂ ಹೊಂದುತ್ತದೆ, ಅಮೆರಿಕದ್ದಕ್ಕೆ ಇಂಚಿನ ಥ್ರೆಡ್ ತರಿಸಲೇಬೇಕು.

ಹಣದ ಮಾತು. ಅಮೆರಿಕ, ಜಪಾನ್ ಮುದ್ರೆಯ ಬಾಸ್ ಹಳತಾದರೂ ಬೆಲೆ ಹಿಡಿದುಕೊಳ್ಳುತ್ತದೆ, ಆದರೆ ಕೊಳ್ಳುವವನನ್ನು ಹುಡುಕಿ ಬೆಂಗಳೂರಿಗೆ ಹೋಗಬೇಕು. ಹಾಸನ, ಚಿಕ್ಕಮಗಳೂರಿನಲ್ಲಿ ಬೇಗ ಕೈ ಬದಲಾಗುವುದು ಇಂಡೋನೇಷ್ಯಾದ ಯಮಹಾ, ಐಬನೇಜ್, ಕಾರ್ಟ್. ವಾರಕ್ಕೊಂದು ಕಾರ್ಯಕ್ರಮ ನುಡಿಸುವವನಿಗೆ ನನ್ನ ಸಲಹೆ ಇದೇ: ಇಂಡೋನೇಷ್ಯಾದ ಮಧ್ಯಮ ದರ್ಜೆಯ ಬಾಸ್, ಜೊತೆಗೆ ಒಂದು ಫ್ರೆಟ್ ಲೆವೆಲ್, ಹೊಸ ನಟ್, .045–.105 ಇಂಚು ದಪ್ಪದ ತಂತಿ. ಇದರ ಮೇಲೆ ಮೆಕ್ಸಿಕೋಗೆ ಕೊಡುವ ಹೆಚ್ಚಿನ ಹಣದ ದೊಡ್ಡ ಪಾಲು ಮುದ್ರೆಗೆ, ಅದು ಮಾರುವ ದಿನ ಒಂದಿಷ್ಟು ಹಿಂದಿರುಗುತ್ತದೆ. ಅಗ್ಗದ ಬಾಸಿಗೆ ದುಬಾರಿ ಪಿಕಪ್ ಹಾಕಿದ ಹಣ ಮಾತ್ರ ಹಿಂದಿರುಗುವುದಿಲ್ಲ. ಹಾಗೆ ಬದಲಿಸಿದರೂ ಹಳೆಯ ಪಿಕಪ್, ಪಾಟ್, ಬ್ರಿಡ್ಜನ್ನು ಸ್ಕ್ರೂ ಸಮೇತ ಡಬ್ಬಿಯಲ್ಲಿಡಿ; ಮಾರುವಾಗ ಅವನ್ನು ವಾಪಸ್ ಕೂರಿಸಿ, ಹೊಸದನ್ನು ಬೇರೆಯಾಗಿ ಮಾರಿ.