ಅಮೆರಿಕದಲ್ಲಿ ಹೊಸ ಸಂಸಾರ: ಆಪತ್ಕಾಲಕ್ಕೆ ಎಷ್ಟು ಹಣ ಕೈಯಲ್ಲಿರಬೇಕು?

ಕೆಲಸದ ವೀಸಾದ ಮೇಲೆ ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡ ಕುಟುಂಬಗಳು ಹಣದ ವಿಚಾರವಾಗಿ ಕೇಳುವ ಪ್ರಶ್ನೆಗಳಲ್ಲಿ ಕಾರಿನ ಸಾಲ, ಕ್ರೆಡಿಟ್ ಸ್ಕೋರ್, 401(ಕೆ) ಎಂಬ ನಿವೃತ್ತಿ ಉಳಿತಾಯ ಯೋಜನೆ, ಮನೆ ಖರೀದಿ ಇವುಗಳೇ ಹೆಚ್ಚು. ಕೆಲಸ ಹೋದರೆ, ಆಸ್ಪತ್ರೆ ಸೇರಬೇಕಾಗಿ ಬಂದರೆ ಅಥವಾ ಊರಿನಿಂದ ಕೆಟ್ಟ ಸುದ್ದಿ ಬಂದರೆ ತಕ್ಷಣ ಕೈಗೆ ಸಿಗುವ ಹಣ ಎಷ್ಟಿರಬೇಕು ಎಂದು ಕೇಳುವವರು ಕಡಿಮೆ. ಕೇಳಿದವರಿಗೂ ಸಾಮಾನ್ಯವಾಗಿ ಸಿಗುವ ಉತ್ತರವೆಂದರೆ ಇಲ್ಲಿನ ಹಣಕಾಸು ಸಲಹೆಗಾರರು ಎಲ್ಲರಿಗೂ ಹೇಳುವ ‘ಮೂರರಿಂದ ಆರು ತಿಂಗಳ ಖರ್ಚು’ ಎಂಬ ಸೂತ್ರ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅದು ಈ ದೇಶದಲ್ಲಿ ಬೇರೂರಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಸೂತ್ರ. ವೀಸಾದ ಮೇಲಿರುವ ಮನೆಯ ಲೆಕ್ಕವೇ ಬೇರೆ.

ಮೊದಲು ಸುತ್ತಮುತ್ತಲಿನವರ ಸ್ಥಿತಿಯನ್ನು ನೋಡೋಣ. ಇಲ್ಲಿನ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ 2013ರಿಂದ ಪ್ರತಿ ವರ್ಷ ಕುಟುಂಬಗಳ ಆರ್ಥಿಕ ಸ್ಥಿತಿಯ ಸಮೀಕ್ಷೆ ನಡೆಸುತ್ತಿದೆ. ಅನಿರೀಕ್ಷಿತವಾಗಿ 400 ಡಾಲರ್ ಖರ್ಚು ಬಂದರೆ ಅದನ್ನು ಹೇಗೆ ಭರಿಸುತ್ತೀರಿ ಎಂಬುದು ಅದರ ಪ್ರಸಿದ್ಧ ಪ್ರಶ್ನೆ. ನಗದಿನಿಂದ ಅಥವಾ ನಗದಿಗೆ ಸಮಾನವಾದ ರೀತಿಯಲ್ಲಿ (ಉಳಿತಾಯದಿಂದ ಅಥವಾ ಮುಂದಿನ ಬಿಲ್ಲಿನಲ್ಲೇ ಪೂರ್ತಿ ತೀರಿಸುವ ಕಾರ್ಡಿನಿಂದ) ಭರಿಸುತ್ತೇವೆ ಎಂದವರು 2013ರಲ್ಲಿ ಶೇ. 50ರಷ್ಟಿದ್ದರು, ಕೋವಿಡ್ ಕಾಲದ ಸರ್ಕಾರಿ ನೆರವಿನ ನಂತರ, 2021ರಲ್ಲಿ, ಅದು ಶೇ. 68ಕ್ಕೆ ಏರಿತು; 2022ರಿಂದ ಶೇ. 63ರ ಆಸುಪಾಸಿನಲ್ಲಿ ನಿಂತಿದೆ. ಉಳಿದವರೆಲ್ಲ ಬರಿಗೈಯವರೆಂದು ಇದನ್ನು ಓದುವುದು ಸರಿಯಲ್ಲ, ಏಕೆಂದರೆ ಅವರಲ್ಲಿ ಬಹಳಷ್ಟು ಮಂದಿ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ ನಿಧಾನವಾಗಿ ತೀರಿಸುತ್ತೇವೆ ಅಥವಾ ಕೈಗಡ ಪಡೆಯುತ್ತೇವೆ ಎಂದು ಹೇಳಿದವರು. ಯಾವ ದಾರಿಯೂ ಇಲ್ಲವೆಂದವರು 2023ರಲ್ಲಿ ಶೇ. 13ರಷ್ಟು. ಮೂರು ತಿಂಗಳ ಖರ್ಚನ್ನು ಪ್ರತ್ಯೇಕವಾಗಿ ಎತ್ತಿಟ್ಟಿದ್ದೇವೆ ಎಂದವರು 2024ರಲ್ಲಿ ಶೇ. 55.

ಈ ಅಂಕಿಗಳನ್ನು ನೋಡಿ ‘ಅಮೆರಿಕನ್ನರೇ ಹೀಗಿರುವಾಗ ನಮಗೇಕೆ ಚಿಂತೆ’ ಎಂದು ಸಮಾಧಾನಪಟ್ಟುಕೊಳ್ಳುವವರನ್ನು ಕಂಡಿದ್ದೇನೆ. ಆ ಸಮಾಧಾನಕ್ಕೆ ಆಧಾರವಿಲ್ಲ. ಇಲ್ಲಿಯವರಿಗೆ ಕೆಲಸ ಹೋದರೆ ಹೆಚ್ಚಿನ ರಾಜ್ಯಗಳಲ್ಲಿ 26 ವಾರಗಳವರೆಗೆ ನಿರುದ್ಯೋಗ ಭತ್ಯೆ ದೊರೆಯುತ್ತದೆ, ಹತ್ತಾರು ವರ್ಷಗಳ ಕ್ರೆಡಿಟ್ ಇತಿಹಾಸದ ಬಲದಿಂದ ದೊಡ್ಡ ಮಿತಿಯ ಕಾರ್ಡುಗಳಿರುತ್ತವೆ, ಎಲ್ಲಕ್ಕಿಂತ ಮುಖ್ಯವಾಗಿ ಕೆಲಸವಿಲ್ಲದೆಯೂ ಈ ದೇಶದಲ್ಲಿ ಇರುವ ಹಕ್ಕು ಇರುತ್ತದೆ. ಎಚ್-1ಬಿ ಎಂಬ ಕೆಲಸದ ವೀಸಾದವರಿಗೆ ನಿರುದ್ಯೋಗ ಭತ್ಯೆ ಸಾಮಾನ್ಯವಾಗಿ ಸಿಗುವುದಿಲ್ಲ, ಏಕೆಂದರೆ ಬೇರೆ ಯಾವುದೇ ಕೆಲಸಕ್ಕೆ ತಕ್ಷಣ ಸೇರಲು ಕಾನೂನುಬದ್ಧವಾಗಿ ಸಿದ್ಧರಿರಬೇಕೆಂಬ ಷರತ್ತನ್ನು ಅವರು ಪೂರೈಸಲಾರರು. ಊರಿನಲ್ಲಾದರೆ ಒಡವೆ ಅಡವಿಡಬಹುದು, ಚೀಟಿ ಎತ್ತಬಹುದು, ಅಣ್ಣತಮ್ಮಂದಿರ ಬಳಿ ಕೇಳಬಹುದು. ಬಂದ ಹೊಸದರಲ್ಲಿ ಇಲ್ಲಿ ಇವು ಯಾವುವೂ ಇಲ್ಲ.

ಲೆಕ್ಕದ ಕೇಂದ್ರದಲ್ಲಿ ಇರಬೇಕಾದದ್ದು 60 ದಿನಗಳ ಗಡುವು. 2017ರ ಜನವರಿಯಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ, ಎಚ್-1ಬಿ ನೌಕರನ ಕೆಲಸ ಕೊನೆಗೊಂಡರೆ ಹೊಸ ಉದ್ಯೋಗದಾತನನ್ನು ಹುಡುಕಿ ಅರ್ಜಿ ಹಾಕಿಸಲು, ಬೇರೆ ವೀಸಾ ಸ್ಥಿತಿಗೆ ಅರ್ಜಿ ಸಲ್ಲಿಸಲು ಅಥವಾ ದೇಶ ಬಿಡಲು ಗರಿಷ್ಠ 60 ದಿನಗಳ ಅವಕಾಶವಿದೆ. ದೇಶದಲ್ಲಿ ಎಲ್ಲಿಯವರೆಗೆ ಇರಬಹುದೆಂದು ಹೇಳುವ ಐ-94 ದಾಖಲೆಯ ಅವಧಿ ಅದಕ್ಕಿಂತ ಮೊದಲೇ ಮುಗಿಯುವುದಾದರೆ ಅಷ್ಟೂ ಇಲ್ಲ. ಈ ಗಡುವು ಸಾಮಾನ್ಯವಾಗಿ ಸಂಬಳ ಸಂದ ಕೊನೆಯ ದಿನದ ಮರುದಿನದಿಂದ ಆರಂಭವಾಗುತ್ತದೆ, ಕಂಪನಿ ಕೊಡುವ ಪರಿಹಾರದ ಮೊತ್ತದಿಂದ ಅದು ಹಿಗ್ಗುವುದಿಲ್ಲ. ಎಚ್-1ಬಿಯವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿರುವ ಪತಿ ಅಥವಾ ಪತ್ನಿಗೆ ಕೆಲಸದ ಅನುಮತಿ ಇದ್ದರೂ ಅದು ಎಚ್-1ಬಿ ಸ್ಥಿತಿಯನ್ನೇ ಅವಲಂಬಿಸಿರುವುದರಿಂದ, ‘ಎರಡು ಸಂಬಳದ ಮನೆ’ ಎಂಬ ಭದ್ರತೆ ಇಂಥ ಕುಟುಂಬಕ್ಕೆ ಪೂರ್ತಿಯಾಗಿ ಅನ್ವಯಿಸುವುದಿಲ್ಲ. ಇಬ್ಬರಿಗೂ ಸ್ವತಂತ್ರವಾದ ಎಚ್-1ಬಿ ಇದ್ದರೆ ಮಾತು ಬೇರೆ.

ಆದ್ದರಿಂದ ತುರ್ತು ನಿಧಿಯು ಎರಡು ದಾರಿಗಳ ಖರ್ಚನ್ನು ಹೊರುವಂತಿರಬೇಕು. ಇಲ್ಲೇ ಉಳಿದು ಕೆಲಸ ಹುಡುಕುವ ದಾರಿಯ ಖರ್ಚು ಎಲ್ಲರಿಗೂ ಹೊಳೆಯುತ್ತದೆ: ಬಾಡಿಗೆ, ದಿನಸಿ, ಕಾರಿನ ಕಂತು, ಅದರ ಜೊತೆಗೆ ವಲಸೆ ವಕೀಲರ ಶುಲ್ಕ. ಹಿಂತಿರುಗುವ ದಾರಿಯ ಖರ್ಚನ್ನು ಮಾತ್ರ ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಬಾಡಿಗೆ ಕರಾರಿನ (ಲೀಸ್) ಅವಧಿ ಮುಗಿಯುವ ಮೊದಲೇ ಮನೆ ಬಿಟ್ಟರೆ ಕರಾರಿನಂತೆ ದಂಡ ತೆರಬೇಕಾಗುತ್ತದೆ, ಅವಸರದಲ್ಲಿ ಮಾರಿದ ಕಾರಿನ ಬೆಲೆ ಅದರ ಮೇಲಿನ ಸಾಲಕ್ಕಿಂತ ಕಡಿಮೆಯಿದ್ದರೆ ವ್ಯತ್ಯಾಸವನ್ನು ಕೈಯಿಂದ ತುಂಬಬೇಕಾಗುತ್ತದೆ, ಮತ್ತು ನಾಲ್ಕು ಜನರ ಟಿಕೆಟ್ ಕೊಳ್ಳಬೇಕಾಗುತ್ತದೆ. ಕಂಪನಿಯೇ ಅವಧಿಗೆ ಮುನ್ನ ತೆಗೆದುಹಾಕಿದ್ದರೆ ನೌಕರನ ಹಿಂತಿರುಗುವ ಪ್ರಯಾಣದ ನ್ಯಾಯವಾದ ವೆಚ್ಚವನ್ನು ಅದು ಕೊಡಬೇಕೆಂಬ ನಿಯಮವಿದೆ. ಕುಟುಂಬದ ಟಿಕೆಟ್ಟುಗಳಿಗೆ ಆ ನಿಯಮ ಅನ್ವಯಿಸದು. ಇಷ್ಟಾದ ಮೇಲೆ ಬೆಂಗಳೂರಿನಲ್ಲಿ ಇಳಿದರೆ ಬಾಡಿಗೆ ಮನೆಗೆ ಹಲವು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಮತ್ತು ಮಕ್ಕಳ ಶಾಲೆಯ ಪ್ರವೇಶ ಶುಲ್ಕ ಕಾದಿರುತ್ತವೆ.

ಇನ್ನು ಆರೋಗ್ಯ ವಿಮೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಸಂಬಳದಲ್ಲಿ ಕಡಿತವಾಗುವ ಸಣ್ಣ ಮೊತ್ತವೇ ವಿಮೆಯ ಬೆಲೆಯೆಂದು ಅವರು ತಿಳಿದಿರುತ್ತಾರೆ. ಆರೋಗ್ಯ ನೀತಿಯ ಅಧ್ಯಯನ ನಡೆಸುವ ಕೆಎಫ್‌ಎಫ್ ಸಂಸ್ಥೆಯ 2024ರ ಸಮೀಕ್ಷೆಯಂತೆ ಉದ್ಯೋಗದಾತರ ಮೂಲಕ ಪಡೆಯುವ ಕುಟುಂಬ ವಿಮೆಯ ಸರಾಸರಿ ವಾರ್ಷಿಕ ಕಂತು 25,572 ಡಾಲರ್; ಅದರಲ್ಲಿ ನೌಕರರು ತೆರುವ ಪಾಲು ಸರಾಸರಿ 6,296 ಡಾಲರ್, ಉಳಿದದ್ದು ಕಂಪನಿಯದು. ಕೆಲಸ ಹೋದ ಮೇಲೆ ಕೋಬ್ರಾ ಕಾನೂನಿನಡಿ ಅದೇ ವಿಮೆಯನ್ನು ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಬಹುದಾದರೂ, ಪೂರ್ಣ ಕಂತನ್ನೂ ಅದರ ಮೇಲೆ ಶೇ. 2ರವರೆಗಿನ ನಿರ್ವಹಣಾ ವೆಚ್ಚವನ್ನೂ ನೀವೇ ಕಟ್ಟಬೇಕು. ತಿಂಗಳಿಗೆ ಸುಮಾರು 525 ಡಾಲರ್ ಇದ್ದದ್ದು 2,170 ಡಾಲರ್ ಆಗುತ್ತದೆ. ಕೋಬ್ರಾವನ್ನು ಆಯ್ದುಕೊಳ್ಳಲು 60 ದಿನಗಳ ಸಮಯವಿದೆ ಮತ್ತು ಆಯ್ದುಕೊಂಡರೆ ವಿಮೆ ನಿಂತ ದಿನದಿಂದಲೇ ಅದು ಅನ್ವಯವಾಗುತ್ತದೆ, ಹಿಂದಿನ ಕಂತುಗಳನ್ನೂ ಕಟ್ಟಬೇಕಷ್ಟೆ. ಹೀಗಾಗಿ ಮೊದಲ ವಾರವೇ ಗಾಬರಿಯಿಂದ ಸಹಿ ಹಾಕುವ ಅಗತ್ಯವಿಲ್ಲ. ಅದೇ 60 ದಿನಗಳೊಳಗೆ ಸರ್ಕಾರಿ ವಿಮಾ ಮಾರುಕಟ್ಟೆಯಲ್ಲಿ ಬೇರೆ ಯೋಜನೆಯನ್ನು ಕೊಳ್ಳುವ ಅವಕಾಶವೂ ಇದೆ.

ಕೆಲಸವಿದ್ದಾಗಲೂ ವಿಮೆ ಎಲ್ಲವನ್ನೂ ಭರಿಸುವುದಿಲ್ಲ. ನಿಮ್ಮ ಯೋಜನೆಯ ದಾಖಲೆಯಲ್ಲಿ ಡಿಡಕ್ಟಿಬಲ್ (ವಿಮೆ ಕೊಡಲು ಆರಂಭಿಸುವ ಮೊದಲು ನೀವೇ ಭರಿಸಬೇಕಾದ ಮೊತ್ತ) ಎಷ್ಟು, ವರ್ಷಕ್ಕೆ ಕೈಯಿಂದ ತೆರಬೇಕಾದ ಗರಿಷ್ಠ ಮೊತ್ತ ಎಷ್ಟು ಎಂಬ ಎರಡು ಅಂಕಿಗಳನ್ನು ಹುಡುಕಿ ಬರೆದಿಟ್ಟುಕೊಳ್ಳಿ. 2025ರಲ್ಲಿ ಕಾನೂನು ಅನುಮತಿಸಿದ ಆ ಗರಿಷ್ಠ ಮೊತ್ತ ಒಬ್ಬರಿಗೆ 9,200, ಕುಟುಂಬಕ್ಕೆ 18,400 ಡಾಲರ್. ಅನಿರೀಕ್ಷಿತ ಬಿಲ್ಲುಗಳಿಂದ ರೋಗಿಯನ್ನು ಕಾಪಾಡಲು 2022ರಲ್ಲಿ ಜಾರಿಗೆ ಬಂದ ಕೇಂದ್ರ ಕಾನೂನು ರಸ್ತೆಯ ಆ್ಯಂಬುಲೆನ್ಸ್‌ಗಳನ್ನು ಹೊರಗಿಟ್ಟಿದೆ ಎಂಬುದೂ ನೆನಪಿರಲಿ.

ಒಂದು ಕಾಲ್ಪನಿಕ ಮನೆಯ ಲೆಕ್ಕವನ್ನು ಹಾಕಿ ನೋಡೋಣ. ಬಾಡಿಗೆ 2,500, ದಿನಸಿ 800, ಕಾರಿನ ಕಂತು, ವಿಮೆ ಮತ್ತು ಪೆಟ್ರೋಲ್ ಸೇರಿ 700, ವಿದ್ಯುತ್, ಫೋನ್, ಇಂಟರ್ನೆಟ್ ಸೇರಿ 400. ಒಟ್ಟು 4,400 ಡಾಲರ್. ಊರಿನಲ್ಲಿ ಫ್ಲ್ಯಾಟಿನ ಮೇಲೆ ತಿಂಗಳಿಗೆ 60 ಸಾವಿರ ರೂಪಾಯಿ ಇಎಂಐ ಇದ್ದರೆ ಇನ್ನು ಸುಮಾರು 700 ಡಾಲರ್ ಸೇರಿಸಬೇಕು. ಇಲ್ಲಿ ಕೆಲಸ ಹೋಯಿತೆಂದು ಅಲ್ಲಿನ ಬ್ಯಾಂಕು ಕಂತು ಕೇಳುವುದನ್ನು ನಿಲ್ಲಿಸುವುದಿಲ್ಲ. ಕೋಬ್ರಾ ಸೇರಿದರೆ ತಿಂಗಳ ಮೊತ್ತ 7,270 ಡಾಲರ್ ಆಗುತ್ತದೆ, ನಾಲ್ಕು ತಿಂಗಳಿಗೆ 29 ಸಾವಿರ ದಾಟುತ್ತದೆ. ಹೋಟೆಲು, ಪ್ರವಾಸ, ಮಕ್ಕಳ ನೃತ್ಯ ತರಗತಿ ಯಾವುದನ್ನೂ ನಾನು ಇದರಲ್ಲಿ ಸೇರಿಸಿಲ್ಲ. ಒಂದೇ ಎಚ್-1ಬಿ ಸಂಬಳದ, ಮಕ್ಕಳಿರುವ ಕುಟುಂಬಕ್ಕೆ ನಾಲ್ಕು ತಿಂಗಳನ್ನು ಕನಿಷ್ಠವೆಂದೂ ಆರು ತಿಂಗಳನ್ನು ಸಾಕಷ್ಟೆಂದೂ ನಾನು ಹೇಳುತ್ತೇನೆ. ಒಂಟಿಯಾಗಿರುವ, ಊರಿನಲ್ಲಿ ಸಾಲವಿಲ್ಲದ ತರುಣ ತರುಣಿಯರಿಗೆ ಮೂರು ತಿಂಗಳು ಸಾಕು.

ಈ ಮೊತ್ತ ಬಂದ ವರ್ಷವೇ ಕೂಡುವುದಿಲ್ಲ, ಕೂಡಬೇಕೆಂದೂ ಇಲ್ಲ. ಮೊದಲು ಒಂದು ತಿಂಗಳ ಖರ್ಚು, ವಿಮೆಯ ಡಿಡಕ್ಟಿಬಲ್ ಮತ್ತು ಊರಿಗೆ ಹೋಗಿಬರುವ ಒಂದು ಟಿಕೆಟ್ಟಿನ ಹಣ ಕೂಡಿಸಿ, ಆಮೇಲೆ ಹೊಸ ಕಾರಿನ ಯೋಚನೆ ಮಾಡಿ. ಟಿಕೆಟ್ಟನ್ನು ಮೊದಲ ಹಂತದಲ್ಲಿಯೇ ಸೇರಿಸಲು ಕಾರಣವಿದೆ. ತಂದೆತಾಯಿಗೆ ಆರೋಗ್ಯ ತಪ್ಪಿದೆ ಎಂಬ ಕರೆ ಬಂದ ರಾತ್ರಿ ಟಿಕೆಟ್ಟಿನ ದರವನ್ನು ಹೋಲಿಸುತ್ತ ಕೂರಲಾಗುವುದಿಲ್ಲ. ಅದಕ್ಕಿಂತ ದೊಡ್ಡ ಖರ್ಚು ಅಮೆರಿಕಕ್ಕೆ ಮರಳುವಾಗಿನದು: ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಮತ್ತೆ ಸ್ಟಾಂಪಿಂಗ್ ಆಗುವವರೆಗೆ ಭಾರತದಲ್ಲಿಯೇ ಕಾಯಬೇಕಾಗುತ್ತದೆ, ಆ ಅವಧಿಯಲ್ಲಿ ಅಲ್ಲಿಂದ ಕೆಲಸ ಮಾಡಲು ಕಂಪನಿ ಒಪ್ಪದಿದ್ದರೆ ಸಂಬಳವಿಲ್ಲದ ರಜೆ, ಇಲ್ಲಿ ಖಾಲಿ ಮನೆಗೆ ಬಾಡಿಗೆ.

ಹಣವನ್ನು ಎಲ್ಲಿಡಬೇಕೆಂಬುದು ಎಷ್ಟಿಡಬೇಕೆಂಬುದರಷ್ಟೇ ಮುಖ್ಯ. ಒಂದು ತಿಂಗಳ ಖರ್ಚು ದಿನನಿತ್ಯದ ವ್ಯವಹಾರದ ಚೆಕಿಂಗ್ ಖಾತೆಯಲ್ಲಿರಲಿ, ಉಳಿದದ್ದು ಹೆಚ್ಚಿನ ಬಡ್ಡಿಯ ಉಳಿತಾಯ ಖಾತೆಯಲ್ಲಿರಲಿ. ದೊಡ್ಡ ಬ್ಯಾಂಕುಗಳ ಸಾಮಾನ್ಯ ಉಳಿತಾಯ ಖಾತೆಗಳು ಕೊಡುವ ಬಡ್ಡಿ ಹೆಸರಿಗೆ ಮಾತ್ರ. ಬ್ಯಾಂಕು ಮುಳುಗಿದರೂ ಠೇವಣಿಯನ್ನು ಕಾಯುವ ಎಫ್‌ಡಿಐಸಿ ವಿಮೆಗೆ, ಕ್ರೆಡಿಟ್ ಯೂನಿಯನ್ (ಸದಸ್ಯರ ಸಹಕಾರಿ ಬ್ಯಾಂಕು) ಆದರೆ ಎನ್‌ಸಿಯುಎ ವಿಮೆಗೆ, ಖಾತೆ ಒಳಪಟ್ಟಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಒಂದು ಬಗೆಯ ಖಾತೆಗೆ 2.5 ಲಕ್ಷ ಡಾಲರ್‌ವರೆಗೆ ರಕ್ಷಣೆಯಿದೆ, ದಂಪತಿಯ ಜಂಟಿ ಖಾತೆಗೆ 5 ಲಕ್ಷದವರೆಗೆ. ಖಾತೆ ಜಂಟಿಯಾಗಿಯೇ ಇರಲಿ ಎಂದು ನಾನು ಒತ್ತಿ ಹೇಳುತ್ತೇನೆ. ಎಚ್-4ನಲ್ಲಿರುವವರಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲವೆಂಬ ಕಾರಣಕ್ಕೆ ಹಣವೆಲ್ಲ ಒಬ್ಬರ ಹೆಸರಿನಲ್ಲಿಯೇ ಉಳಿದುಬಿಡುವುದು ನಮ್ಮವರಲ್ಲಿ ಸಾಮಾನ್ಯ; ಶಾಖೆಗೆ ಇಬ್ಬರೂ ಹೋದರೆ ಪಾಸ್‌ಪೋರ್ಟ್ ಆಧಾರದ ಮೇಲೆ ಹೆಸರು ಸೇರಿಸುವ ಬ್ಯಾಂಕುಗಳಿವೆ. ಆಸ್ಪತ್ರೆಯಲ್ಲಿ ಮಲಗಿರುವವರ ಪಾಸ್‌ವರ್ಡಿಗಾಗಿ ಮನೆಯವರು ಪರದಾಡುವಂತಾಗಬಾರದು.

ಕಂಪನಿ ಕೊಟ್ಟ ಷೇರುಗಳನ್ನು ಆಪತ್ತಿನ ಹಣವೆಂದು ಎಣಿಸಬೇಡಿ. 2022ರಲ್ಲಿ ತಂತ್ರಜ್ಞಾನ ಕಂಪನಿಗಳೇ ಹೆಚ್ಚಿರುವ ನಾಸ್‌ಡ್ಯಾಕ್ ಷೇರು ಸೂಚ್ಯಂಕ ಸುಮಾರು ಶೇ. 33ರಷ್ಟು ಕುಸಿಯಿತು, ತಂತ್ರಜ್ಞಾನ ಕಂಪನಿಗಳ ದೊಡ್ಡ ವಜಾಗಳು ಅದರ ಬೆನ್ನಿಗೇ ಬಂದವು. ಕೆಲಸವೂ ಷೇರೂ ಒಂದೇ ಕಂಬಕ್ಕೆ ಕಟ್ಟಿದ ಹಸುಗಳು. 401(ಕೆ) ಹಣವನ್ನು 59½ ವರ್ಷಕ್ಕೆ ಮುನ್ನ ತೆಗೆದರೆ ಆದಾಯ ತೆರಿಗೆಯ ಜೊತೆಗೆ ಸಾಮಾನ್ಯವಾಗಿ ಶೇ. 10ರ ದಂಡವಿದೆ. 2024ರಿಂದ, ಯೋಜನೆ ಅನುಮತಿಸಿದರೆ, ತುರ್ತಿಗೆಂದು ವರ್ಷಕ್ಕೆ 1,000 ಡಾಲರ್‌ವರೆಗೆ ದಂಡವಿಲ್ಲದೆ ತೆಗೆಯಬಹುದು, ಆದರೆ ಅಷ್ಟರಿಂದ ಅರ್ಧ ತಿಂಗಳ ಬಾಡಿಗೆಯೂ ಆಗುವುದಿಲ್ಲ.

ಆಪತ್ತಿನ ಹಣವನ್ನು ಊರಿನಲ್ಲಿ ಎನ್‌ಆರ್‌ಇ ಠೇವಣಿಯಾಗಿ (ಅನಿವಾಸಿ ಭಾರತೀಯರು ವಿದೇಶದ ಗಳಿಕೆಯನ್ನು ರೂಪಾಯಿಯಲ್ಲಿ ಇಡುವ ಠೇವಣಿ) ಇಡುವ ವಾಡಿಕೆಯೂ ಇದೆ. ಬಡ್ಡಿ ಭಾರತದಲ್ಲಿ ತೆರಿಗೆಮುಕ್ತ ಎಂಬ ಆಕರ್ಷಣೆ ಅದಕ್ಕೆ ಕಾರಣ. ಆದರೆ ನೀವು ಇಲ್ಲಿನ ತೆರಿಗೆ ನಿವಾಸಿಯಾಗಿದ್ದರೆ ಅದೇ ಬಡ್ಡಿಗೆ ಅಮೆರಿಕದಲ್ಲಿ ತೆರಿಗೆ ಕಟ್ಟಬೇಕು. ಒಂದು ವರ್ಷ ತುಂಬುವ ಮೊದಲೇ ಎನ್‌ಆರ್‌ಇ ಠೇವಣಿಯನ್ನು ಮುರಿದರೆ ಬಡ್ಡಿಯೇ ಇಲ್ಲ, ರೂಪಾಯಿ ಕುಸಿದ ನಷ್ಟ ಬೇರೆ. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10 ಸಾವಿರ ಡಾಲರ್ ಮೀರಿದರೆ ಆ ಖಾತೆಗಳ ವಿವರವನ್ನು ಅಮೆರಿಕ ಸರ್ಕಾರಕ್ಕೆ ತಿಳಿಸುವ ಎಫ್‌ಬಾರ್ ವರದಿ ಸಲ್ಲಿಸುವುದು ಕಡ್ಡಾಯ. ಅದಕ್ಕೆ ಏಪ್ರಿಲ್ 15 ಗಡುವು, ಅಕ್ಟೋಬರ್ 15ರವರೆಗೆ ತಾನಾಗಿಯೇ ವಿಸ್ತರಣೆಯಿದೆ. ಹಿಂತಿರುಗುವ ದಾರಿಗೆ ಬೇಕಾದ ಅಡ್ವಾನ್ಸ್ ಮತ್ತು ಶಾಲೆಯ ಶುಲ್ಕದಷ್ಟನ್ನು ಊರಿನಲ್ಲಿಟ್ಟು, ಉಳಿದದ್ದನ್ನು ಡಾಲರಿನಲ್ಲಿ ಇಲ್ಲಿಯೇ ಇಡುವುದು ಸೂಕ್ತ.

ತೀರಾ ದೊಡ್ಡ ಆಪತ್ತು ಬಂದಾಗ ಕನ್ನಡ ಕೂಟಗಳು ಚಂದಾ ಎತ್ತಿ ನೆರವಾಗುತ್ತವೆ. ಭಾರತೀಯ ರಾಯಭಾರ ಕಚೇರಿಗಳಲ್ಲಿಯೂ 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಸಂಕಷ್ಟದಲ್ಲಿರುವ ಭಾರತೀಯ ಪ್ರಜೆಗಳಿಗೆ, ಅವರ ಆರ್ಥಿಕ ಸ್ಥಿತಿಯನ್ನು ಪರಿಶೀಲಿಸಿ, ಪಾರ್ಥಿವ ಶರೀರವನ್ನು ಊರಿಗೆ ಕಳುಹಿಸುವಂಥ ಸಂದರ್ಭಗಳಲ್ಲಿಯೂ ಅದರಿಂದ ನೆರವು ದೊರೆಯಬಹುದು. ಇವು ಇರುವುದು ಬೇರೆ ದಾರಿಯಿಲ್ಲದವರಿಗಾಗಿ. ಒಳ್ಳೆಯ ಸಂಬಳದ ಮನೆಯವರು ತಮ್ಮ ಲೆಕ್ಕದಲ್ಲಿ ಇವನ್ನು ಸೇರಿಸಿಕೊಳ್ಳಬಾರದು.

ಗ್ರೀನ್ ಕಾರ್ಡ್ ಬಂದ ಮೇಲೆ ಈ ಲೆಕ್ಕ ಹಗುರಾಗುತ್ತದೆ: 60 ದಿನಗಳ ಗಡುವು ಇಲ್ಲವಾಗುತ್ತದೆ, ನಿರುದ್ಯೋಗ ಭತ್ಯೆಯ ಅರ್ಹತೆ ಬರುತ್ತದೆ, ಅವಸರದಲ್ಲಿ ಮನೆ ಖಾಲಿ ಮಾಡಿ ಹೊರಡುವ ಖರ್ಚು ಪಟ್ಟಿಯಿಂದ ಹೊರಬೀಳುತ್ತದೆ. ಆದರೆ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡುಗಳಲ್ಲಿ ಒಂದೊಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತದಲ್ಲಿ ಹುಟ್ಟಿದವರು ಅದಕ್ಕಾಗಿ ಬಹಳ ವರ್ಷ ಕಾಯಬೇಕಾಗಿದೆ. ಅಲ್ಲಿಯವರೆಗೆ ಬಾಡಿಗೆ ಏರಿದಾಗ, ಮಗು ಹುಟ್ಟಿದಾಗ, ಮತ್ತು ಪ್ರತಿ ವರ್ಷ ವಿಮಾ ಯೋಜನೆಯನ್ನು ಆಯ್ದುಕೊಳ್ಳುವ ಸಮಯದಲ್ಲಿ ಡಿಡಕ್ಟಿಬಲ್ ಬದಲಾದಾಗ ನಿಧಿಯ ಮೊತ್ತವನ್ನು ಹೊಸದಾಗಿ ಕೂಡಿ ನೋಡಬೇಕು.