ಮಿತಿ ಹಾಕಿದ ಮೇಲೆ ಉಳಿದವರು

ಹೆಣ್ಣಿನ ಆಜ್ಞೆಗೆ ಮಣಿದು ಹಣ ಕಳುಹಿಸುವುದರಲ್ಲೇ ಸುಖ ಕಾಣುವ ಗಂಡಸರಿಂದ, ಅವರ ಒಪ್ಪಿಗೆಯಿಂದಲೇ, ಹಣ ಪಡೆಯುವುದು ನನ್ನ ಕೆಲಸ; ಫಿನ್‌ಡಮ್ ಎನ್ನುತ್ತಾರೆ. ಆ ಹಣದ ಸೆಷನ್‌ಗೆ ಮೊದಲೇ ಮಿತಿ ಕಟ್ಟುತ್ತೇನೆ ಎಂದಾಗ, ಈ ದಾರಿಯಲ್ಲಿ ನನಗಿಂತ ಹಳಬರಾದ ಬೆಂಗಳೂರಿನ ಒಬ್ಬರು ನಕ್ಕುಬಿಟ್ಟರು. "ಎಷ್ಟು ಹೋಗುತ್ತದೋ ಎಂಬ ಭಯಕ್ಕೇ ಅವರು ಬರುವುದು. ಅದನ್ನೇ ತೆಗೆದರೆ ನಿನ್ನ ಬಳಿ ಏನಿದೆ?" ಎಂದರು. ಇದು ಮೂರನೆಯ ವರ್ಷ. ಹಾಸನದ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಕುಳಿತು, ಐವರಿಂದ ತಿಂಗಳಿಗೆ ಇಪ್ಪತ್ತೆಂಟು ಮೂವತ್ತು ಸಾವಿರ ತಪ್ಪದೆ ಪಡೆಯುತ್ತಿದ್ದೇನೆ. ಅವರ ಬಳಿಯಿದ್ದ ಇಬ್ಬರು ಈಗ ನನ್ನ ಐವರಲ್ಲಿದ್ದಾರೆ. ಅದನ್ನು ಅವರಿಗೆ ಹೇಳಲು ಹೋಗಿಲ್ಲ.

ಮೊದಲ ವರ್ಷ ನಾನೂ ಎಲ್ಲರಂತೆಯೇ ಮಾಡಿದೆ. ಸಕಲೇಶಪುರದ ಕಡೆಯ ಕಾಫಿ ತೋಟದವನೊಬ್ಬ ಫೆಬ್ರವರಿಯ ಒಂದು ರಾತ್ರಿ ನಲವತ್ತು ನಿಮಿಷದಲ್ಲಿ ಸುಮಾರು 42,000 ಕಳುಹಿಸಿದ. ನಾನು ಹೇಳಿದ್ದು "ಇನ್ನೂ" ಎಂಬ ಒಂದೇ ಮಾತು. ಬೆಳಗ್ಗೆ ಆರಕ್ಕೆ ಸಂದೇಶ ಬಂತು: ಅದು ಹಣ್ಣು ಕೊಯ್ಯುವ ಆಳುಗಳಿಗೆ ಶನಿವಾರ ಕೊಡಬೇಕಾಗಿದ್ದ ಬಟವಾಡೆ. ಮೂವತ್ತು ಸಾವಿರ ಅಂದೇ ತಿರುಗಿಸಿದೆ. ಉಳಿದದ್ದಕ್ಕೆ ಅಷ್ಟರಲ್ಲಿ ವಾಷಿಂಗ್ ಮೆಷಿನ್ ಬುಕ್ ಮಾಡಿಯಾಗಿತ್ತು. ಎರಡು ಕಂತಿನಲ್ಲಿ ತೀರಿಸಿದೆ. ಅವನು ಈಗಲೂ ಇದ್ದಾನೆ. ಸೆಷನ್ ತಕ್ಷಣ ನಿಲ್ಲಿಸಲು ನಾವಿಬ್ಬರೂ ಇಟ್ಟುಕೊಂಡಿರುವ ಪದವೇ "ಬಟವಾಡೆ".

ಇನ್ನೊಬ್ಬ ಅಷ್ಟು ಒಳ್ಳೆಯವನಲ್ಲ. ತಾನೇ ಕಳುಹಿಸಿ, ತಾನೇ ಮೋಸವಾಯಿತೆಂದು ಸೈಬರ್ ದೂರು ಕೊಟ್ಟ. ನನ್ನ ಖಾತೆಗೆ ಆರು ವಾರವೋ ಏಳೋ ತಡೆ ಬಿತ್ತು. ಬಾಡಿಗೆಗೆ ಅಕ್ಕನ ಬಳಿ ಸಾಲ ಮಾಡಿದೆ. ಕೆವೈಸಿ ತೊಂದರೆ ಎಂದು ಸುಳ್ಳು ಹೇಳಿದೆ. ಅವನು ಕಳುಹಿಸಿದ್ದು ಒಟ್ಟು ಒಂಬತ್ತು ಸಾವಿರ.

ಅದಾದ ಮೇಲೆ ಹುಟ್ಟಿದ್ದು ಈಗಿನ ಪದ್ಧತಿ. ಬರುವವನು ಬೇರೆ ಬ್ಯಾಂಕಿನಲ್ಲಿ ಒಂದು ಖಾತೆ ತೆರೆಯಬೇಕು. ಕಂತು, ಮನೆಖರ್ಚು, ಮಕ್ಕಳ ಫೀಸು ಕಳೆದು ಉಳಿದದ್ದರಲ್ಲಿ ಒಂದು ಪಾಲನ್ನು ತಿಂಗಳಿಗೊಮ್ಮೆ ಮಾತ್ರ ಅಲ್ಲಿಗೆ ಹಾಕಬೇಕು. ಪಾಲು ಎಷ್ಟೆಂದು ಹೇಗೆ ಗೊತ್ತುಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ. ಸೆಷನ್‌ನಲ್ಲಿ ಆ ಖಾತೆಯನ್ನು ಬರಿದು ಮಾಡುತ್ತೇನೆ, ನಿರ್ದಾಕ್ಷಿಣ್ಯವಾಗಿ. ತಳ ಇದೆಯೆಂದು ಗೊತ್ತಿರುವುದರಿಂದಲೇ ಅವರು ತಳದವರೆಗೂ ಬರುತ್ತಾರೆ. ಸಾಲದಲ್ಲಿರುವವರನ್ನು, ಕುಡಿದು ಕರೆ ಮಾಡುವವರನ್ನು ಮುಟ್ಟುವುದಿಲ್ಲ. "ಹೆಂಡತಿಯ ನಂಬರ್ ಕೊಡುತ್ತೇನೆ, ಹೆದರಿಸಿ" ಎನ್ನುವವರನ್ನೂ ಅಷ್ಟೇ. ಆಟವೆಂದು ಕೊಟ್ಟ ನಂಬರ್ ನಾಳೆ ಪೊಲೀಸರ ಮುಂದೆ ಆಟವಾಗಿ ಉಳಿಯುವುದಿಲ್ಲ.

ಮಾತಿನಲ್ಲಿ ಒಂದು ಗೆರೆ ಇದೆ. ಮೊದಲು "ನೀವು", ಸೆಷನ್ ತೆರೆದ ಕ್ಷಣ "ನೀನು", ಮುಗಿದಾಗ ಮತ್ತೆ "ನೀವು". ಐವತ್ತು ದಾಟಿದ ಒಬ್ಬರು, ದಿನವಿಡೀ ಕಚೇರಿಯಲ್ಲಿ "ಸರ್" ಅನ್ನಿಸಿಕೊಳ್ಳುವವರು, ಆ ಮೊದಲ "ನೀನು" ಕೇಳುವುದಕ್ಕೇ ಹಣ ಕೊಡುತ್ತಾರೆ ಎಂದು ನನ್ನ ಗುಮಾನಿ.

ಮೊದಲೆಲ್ಲ ನಾನೇ ಯುಪಿಐಯಲ್ಲಿ ಹಣದ ಕೋರಿಕೆ ಕಳುಹಿಸುತ್ತಿದ್ದೆ. 2025ರ ಅಕ್ಟೋಬರ್ 1ರಿಂದ ವ್ಯಕ್ತಿಗಳ ನಡುವೆ ಆ ಸೌಲಭ್ಯ ನಿಂತಿತು. ಕೆಟ್ಟದ್ದಾಯಿತು ಎಂದುಕೊಂಡೆ, ಆಗಿದ್ದು ಉಲ್ಟಾ. ಈಗ ಮೊತ್ತವನ್ನು ಅವನೇ ಬರೆಯಬೇಕು, ಸೊನ್ನೆಗಳನ್ನು ಅವನೇ ಎಣಿಸಬೇಕು. ಆ ಎಣಿಕೆಯ ಮೌನಕ್ಕೆ ಬೆಲೆಯಿದೆ. ಹಣ ಕಳುಹಿಸುವವನಿಗೆ ಬ್ಯಾಂಕಿನಲ್ಲಿರುವ ನಮ್ಮ ನಿಜ ಹೆಸರು ಕಾಣುತ್ತದೆ ಎಂಬುದನ್ನು ಮಾತ್ರ ಹೊಸಬರು ಮರೆಯಬಾರದು. ಉಡುಗೊರೆ ಎಂದು ತೋರಿಸಿದರೆ ತೆರಿಗೆಯಿಲ್ಲ ಎನ್ನುವವರ ಮಾತನ್ನೂ ಕೇಳಬೇಡಿ. ಸಂಬಂಧಿಕರಲ್ಲದವರಿಂದ ಬಂದದ್ದು ವರ್ಷಕ್ಕೆ ಒಟ್ಟು 50,000 ದಾಟಿದರೆ ಅದಕ್ಕೂ ತೆರಿಗೆಯಿದೆ. ನಾನು ಆದಾಯವೆಂದೇ ತೋರಿಸುತ್ತೇನೆ.

ಕಳೆದ ಮಳೆಗಾಲದಲ್ಲಿ ಒಂದು ಪ್ರಯೋಗ ಮಾಡಿದೆ. ತೋಟದವರ ಕೈ ಆಗ ಖಾಲಿ, ಹಾಗಾಗಿ ಸಣ್ಣ ಮೊತ್ತದಲ್ಲೇ ಹೊತ್ತು ಕಳೆಯಬೇಕಿತ್ತು. ಅಜ್ಜಿಯ ಚೌಕಾಬಾರದ ನಾಲ್ಕು ಕವಡೆ ತೆಗೆದು ಕ್ಯಾಮೆರಾದ ಮುಂದೆ ಎಸೆದೆ. ಎಷ್ಟು ಬಾಯಿ ಮೇಲೆ ಬಿತ್ತೋ ಅಷ್ಟು ನೂರು. ನಾಲ್ಕೂ ಮೇಲಾದರೆ ಚೌಕ, ನಾನೂರು. ನಾಲ್ಕೂ ಬೋರಲಾದರೆ ಬಾರ, ಎಂಟುನೂರು. ಚೌಕ ಬಾರ ಬಿದ್ದರೆ ಇನ್ನೊಂದು ಎಸೆತ, ಮನೆಯ ಆಟದಲ್ಲಿ ಇರುವಂತೆಯೇ. ಒಂದು ಎಸೆತಕ್ಕೆ ಸರಾಸರಿ ಇನ್ನೂರೈವತ್ತು ಬೀಳುತ್ತದೆ. ನಾನು ಏನೂ ಹೇಳಬೇಕಾಗಿಲ್ಲ, ಕವಡೆಯೇ ಕೇಳುತ್ತದೆ. ಕೆಲವರು ಸೋತಾಗ ಕವಡೆಯನ್ನೇ ಬೈಯುತ್ತಾರೆ, ಅದಕ್ಕೆ ಐವತ್ತು ದಂಡ.

ಮೊನ್ನೆ ಅದೇ ತೋಟದವನು. ಎರಡು ಸಲ ಬಾರ ಬಿತ್ತು. ಬೋರಲು ಬಿದ್ದದ್ದನ್ನು ಹತ್ತಿರದಿಂದ ತೋರಿಸಿ ಎಂದ, ತೋರಿಸಿದೆ. ಮತ್ತೆ ಎಸೆದೆ. ಎರಡು. ಅವನ ಖಾತೆಯಲ್ಲಿ ನೂರ ಎಂಬತ್ತು ಉಳಿದಿತ್ತು. ಬೇರೆ ಖಾತೆಯಿಂದ ಇಪ್ಪತ್ತು ತರಲೇ ಎಂದು ಕೇಳಿದ.

"ಬೇಡ. ಇದ್ದದ್ದು ಹಾಕಿ, ನೀವು ಮಲಗಿ" ಎಂದೆ.